ಪಾಪನಪಲ್ಲಿಯ ಸೆಟ್ಟು

ಶ್ರೀನಿವಾಸಪುರ. ಈ ಊರಿನ ಹೆಸರನ್ನು ಇವತ್ತು ನಾನು ಸಲೀಸಾಗಿ ಬರೆಯುತ್ತೇನೆ. ಬೇಕಾದರೆ ಬಸ್ ಸ್ಟ್ಯಾಂಡಿನಲ್ಲಿ ನಿಂತು ಕೂಗಿಯೂ ಹೇಳುತ್ತೇನೆ. ಮದುವೆಯಾದ ಹೊಸದರಲ್ಲಿ ಹೀಗಿರಲಿಲ್ಲ. ನಮ್ಮ ಯಜಮಾನರ ಹೆಸರು ಆ ಊರಿನ ಹೆಸರಿನೊಳಗೇ ಸೇರಿಕೊಂಡಿತ್ತು. ಗಂಡನ ಹೆಸರು ಬಾಯಲ್ಲಿ ಆಡಿದರೆ ಅವನ ಆಯಸ್ಸು ಸವೆಯುತ್ತದೆ ಎಂದು ಕೇಳಿಕೊಂಡು ಬೆಳೆದವಳು ನಾನು. ಹಾಗಾಗಿ ಊರಿನ ಹೆಸರನ್ನೂ ಹೇಳುತ್ತಿರಲಿಲ್ಲ. ನಮ್ಮ ಕಡೆಯ ಹೆಂಗಸರಿಗೆಲ್ಲ ಇದ್ದ ಸಂಕೋಚ ಇದು. ಇದನ್ನೇ ಹಿಡಿದುಕೊಂಡು ನಮ್ಮ ಮನೆಯ ಮೇಲೆ ಅಪರಾಧ ಹೊರಿಸಿದವರನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಹೋದ ತಿಂಗಳು ಕನ್ನಡಕ ಸರಿಮಾಡಿಸಲು ಆ ಊರಿಗೆ ಹೋಗಿದ್ದೆ. ಬಜಾರಿನಲ್ಲಿ ರೇಡಿಯೊ ರಿಪೇರಿ ಅಂಗಡಿಯೊಂದರ ಮುಂದೆ ಹಾದುಹೋಗುವಾಗ ರಾಳ ಸುಟ್ಟ ವಾಸನೆ ಬಂತು. ಕಾದ ಕಬ್ಬಿಣದ ಮೂತಿಗೆ ಸೀಸ ಕರಗಿ, ಅದರ ಜೊತೆ ರಾಳ ಹೊಗೆಯಾಗುವ ವಾಸನೆ. ಒಂದು ಸಲ ಮೂಗಿಗೆ ಹತ್ತಿದರೆ ಅದು ಮರೆಯುವಂಥದ್ದಲ್ಲ. ನಿಂತುಬಿಟ್ಟೆ. ಅಂಗಡಿಯವನು ತಲೆ ಎತ್ತಿ, "ಏನಜ್ಜಿ, ರೇಡಿಯೋ ಕೆಟ್ಟೋಗಿದ್ಯಾ?" ಎಂದು ಕೇಳಿದ. "ಕೆಟ್ಟಿರ್ಲಿಲ್ಲಪ್ಪ, ಕಿತ್ಕೊಂಡ್ ಹೋದ್ರು," ಎಂದೆ. ಅವನಿಗೇನೂ ಅರ್ಥವಾಗಲಿಲ್ಲ. ಬಸ್ಸು ಹತ್ತಿ ಕೂತ ಮೇಲೂ ಸಿಟ್ಟು ಇಳಿಯಲಿಲ್ಲ. ಅದಕ್ಕೇ ಬರೆಯಲು ಕೂತೆ.

ಎರಡನೆಯ ಮಹಾಯುದ್ಧ ಶುರುವಾದ ವರ್ಷ ಅದು. ನಾನು ಮಾಲೂರಿನ ಹುಡುಗಿ, ಲೋಯರ್ ಸೆಕೆಂಡರಿ ಪಾಸಾಗಿದ್ದವಳು, ಗೌನಿಪಲ್ಲಿಗೆ ಸೊಸೆಯಾಗಿ ಬಂದು ಎರಡನೆಯ ಬೇಸಿಗೆ ನಡೆಯುತ್ತಿತ್ತು. ಮಾವನವರು ತೀರಿಕೊಂಡಿದ್ದರು. ಮನೆಯಲ್ಲಿ ನಾನು ಮತ್ತು ಅತ್ತೆ, ಊರ ಹೊರಗೆ ನಮ್ಮದೊಂದು ಮಾವಿನ ತೋಪು. ಯಜಮಾನರು ತಾಲ್ಲೂಕು ಊರಿನ ಮಿಡ್ಲ್ ಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಅಲ್ಲೇ ಒಂದು ಕೋಣೆ ಮಾಡಿಕೊಂಡಿದ್ದು ಶನಿವಾರದ ಬಸ್ಸಿಗೆ ಊರಿಗೆ ಬರುತ್ತಿದ್ದರು, ಸೋಮವಾರ ಬೆಳಿಗ್ಗೆ ಹೊರಟುಬಿಡುತ್ತಿದ್ದರು. ಅತ್ತೆಯದು ತೆಲುಗು ಬೆರೆತ ಕನ್ನಡ. ನನ್ನದು ಮಾಲೂರಿನ ಕನ್ನಡ. ಮೊದಮೊದಲು ಇಬ್ಬರೂ ಮಾತಿಗಿಂತ ಹೆಚ್ಚು ಕೈ ಆಡಿಸಿಯೇ ಸಂಸಾರ ಮಾಡಿದೆವು.

ಇವರಿಗೆ ವೈರ್‌ಲೆಸ್ಸಿನ ಹುಚ್ಚು. ಬೇರೆ ಮೇಷ್ಟ್ರುಗಳು ಸಂಜೆ ಇಸ್ಪೀಟಾಡುವ ಹೊತ್ತಿನಲ್ಲಿ ಇವರು ಬಿದಿರಿನ ತುಂಡಿಗೆ ತಾಮ್ರದ ತಂತಿ ಸುತ್ತುತ್ತಾ ಕೂರುತ್ತಿದ್ದರು. ಊರಿಗೆ ಬಂದಾಗ ತಂತಿ ಸುತ್ತುವುದನ್ನೂ ಬೆಸುಗೆ ಹಾಕುವುದನ್ನೂ ನನಗೂ ಹೇಳಿಕೊಡುತ್ತಿದ್ದರು. ಸುದ್ದಿ, ಸಂಗೀತ ಕೇಳುವ ರೇಡಿಯೊ ಆಗಲೇ ಕೆಲವು ದೊಡ್ಡ ಮನೆಗಳಿಗೆ ಬಂದಿತ್ತು. ಇವರಿಗೆ ಅದು ಸಾಲದು. ಕೇಳುವುದರ ಜೊತೆಗೆ ಮಾತನಾಡಲೂ ಬರುವ ಸೆಟ್ಟು ಬೇಕು. "ದೊಡ್ಡೋರು ಮಾತಾಡೋದನ್ನ ನಾವು ಕೇಳ್ಕೊಂಡ್ ಕೂತಿರೋದ್ರಲ್ಲಿ ಏನಿದೆ ಜಾನಕಿ? ನಮ್ಮಂಥೋರೂ ಮಾತಾಡ್ಬೇಕು," ಎನ್ನುತ್ತಿದ್ದರು. ಪರೀಕ್ಷೆ ಬರೆದು, ಅರ್ಜಿ ಹಾಕಿ, ಕಾದು ಕಾದು ಲೈಸೆನ್ಸು ತರಿಸಿಕೊಂಡರು. ಎರಡು ಸೆಟ್ಟಿಗೆ ಲೈಸೆನ್ಸು. ಒಂದು ಅವರ ಕೋಣೆಯಲ್ಲಿ, ಇನ್ನೊಂದು ಗೌನಿಪಲ್ಲಿಯ ಮನೆಯಲ್ಲಿ. ಎರಡೂ ಊರಿನ ಹೆಸರು ಅದರಲ್ಲಿ ನಿಚ್ಚಳವಾಗಿ ಬರೆದಿತ್ತು. ನಾವು ಕಳ್ಳಕೆಲಸ ಮಾಡಿದವರಲ್ಲ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ.

ಶಿವರಾತ್ರಿ ಕಳೆದು ಬಿಸಿಲು ಏರುತ್ತಿದ್ದ ದಿನಗಳಲ್ಲಿ ನಮ್ಮ ಮನೆಗೆ ಸೆಟ್ಟು ಬಂತು. ಮಾವಿನ ಹೂವು ಉದುರಿ ಮಿಡಿಗಾಯಿ ಕಚ್ಚುವ ಕಾಲ. ಹಿತ್ತಲಿನ ತೆಂಗಿನ ಮರದಿಂದ ಚಾವಣಿಯ ಮೇಲೆ ನಿಲ್ಲಿಸಿದ ಗಳುವಿನವರೆಗೆ ತಂತಿ ಎಳೆದರು. ಅದು ಏರಿಯಲ್. ಇನ್ನೊಂದು ತಂತಿ ನೆಲದೊಳಕ್ಕೆ ಹೋಗಬೇಕು, ಆ ನೆಲ ಯಾವಾಗಲೂ ಒದ್ದೆಯಾಗಿರಬೇಕು. ಬೇಸಿಗೆಯಲ್ಲಿ ನಮ್ಮೂರಿನಲ್ಲಿ ಒದ್ದೆ ನೆಲ ಎಲ್ಲಿಂದ ತರುವುದು? ಅತ್ತೆ ಬಚ್ಚಲು ನೀರು ಹರಿದುಹೋಗುವ ಬಾಳೆಗಿಡದ ಬುಡವನ್ನು ತೋರಿಸಿದರು. ತಾಮ್ರದ ತಗಡನ್ನು ಅಲ್ಲೇ ಹೂಳಿದ್ದಾಯಿತು. "ನಿನ್ನ ಗಂಡನ ಮಾತು ಬಚ್ಚಲ ಮೋರಿಯಿಂದ ಬರ್ತದಲ್ಲೇ ಅಮ್ಮಾಯಿ," ಎಂದು ಅತ್ತೆ ನನ್ನನ್ನು ಛೇಡಿಸುತ್ತಿದ್ದರು. ಅಮ್ಮಾಯಿ ಎಂದರೆ ಅವರ ತೆಲುಗಿನಲ್ಲಿ ಹುಡುಗಿ. ಕೊನೆಯವರೆಗೂ ನನ್ನನ್ನು ಹಾಗೇ ಕರೆದರು. ನಮ್ಮೂರಿಗೆ ಆಗ ಕರೆಂಟು ಎಲ್ಲಿತ್ತು? ಬ್ಯಾಟರಿ ಕೋಲಾರಕ್ಕೆ ಹೋಗಿ ಚಾರ್ಜಾಗಿ ಬರಬೇಕು. ಬಸ್ಸಿನ ಕುಲುಕಾಟಕ್ಕೆ ಆಸಿಡ್ ಚೆಲ್ಲದ ಹಾಗೆ ಹುಲ್ಲಿನ ಸಿಂಬಿ ಮಾಡಿ ಅದರ ಮೇಲೆ ಕೂರಿಸಿ ಕಳಿಸುತ್ತಿದ್ದೆವು. ಹಾಗಾಗಿ ಮಾತಿನಲ್ಲಿ ಬಹಳ ಜಿಪುಣತನ ಮಾಡಬೇಕಾಗಿತ್ತು. ಹೊಸದಾಗಿ ಮದುವೆಯಾದವರಿಗೆ ಅದೊಂದು ಶಿಕ್ಷೆಯೇ.

ಮೊದಲನೆಯ ಪಾಠ ಕೇಳುವುದರ ಬಗ್ಗೆ. "ಮೊದ್ಲು ಕಿವಿ ಕೊಟ್ಟು ಕೇಳು. ದಾರಿಯಲ್ಲಿ ಬೇರೆ ಯಾರಾದ್ರೂ ಮಾತಾಡ್ತಿದ್ರೆ ಅವರದು ಮುಗಿಯೋವರೆಗೂ ಸುಮ್ನಿರು. ಆಮೇಲೆ ಗುಂಡಿ ಒತ್ತು. ಒತ್ತಿದ ತಕ್ಷಣ ಬಾಯಿ ತೆಗೀಬೇಡ, ಒಂದು ಉಸಿರು ಬಿಟ್ಟು ಶುರುಮಾಡು. ಇಲ್ದಿದ್ರೆ ಮೊದಲನೇ ಮಾತು ನುಂಗಿಹೋಗುತ್ತೆ," ಎಂದರು. ಮೈಕಿಗೂ ಬಾಯಿಗೂ ಗೇಣು ದೂರ ಇರಬೇಕು. ಕಿರುಚಿದರೆ ಮಾತು ಒಡೆದು ಚೂರಾಗುತ್ತದೆ, ಪಿಸುಗುಟ್ಟಿದರೆ ಗರಗರದಲ್ಲಿ ಮುಳುಗಿಹೋಗುತ್ತದೆ. ಮುಖ್ಯವಾದದ್ದನ್ನು ಎರಡು ಸಲ ಹೇಳಬೇಕು. ನಮ್ಮ ಮಾತನ್ನು ಎಲ್ಲೋ ಕೂತವರು ಯಾರು ಬೇಕಾದರೂ ಕೇಳಬಹುದು, ಹಾಗಾಗಿ ಮನೆಯ ಗುಟ್ಟು ಆಡಬಾರದು, ಯಾರನ್ನೂ ಬೈಯಬಾರದು. ಎಲ್ಲಕ್ಕಿಂತ ದೊಡ್ಡ ನಿಯಮವೆಂದರೆ ಒಬ್ಬರು ಗುಂಡಿ ಒತ್ತಿದ್ದಾಗ ಇನ್ನೊಬ್ಬರಿಗೆ ಬಾಯಿಲ್ಲ. ನಾನು ಗುಂಡಿ ಬಿಟ್ಟರೆ ಮಾತ್ರ ಅವರ ಸರದಿ. ಗುಂಡಿ ಬಿಡುತ್ತಿದ್ದೇನೆ ಎಂದು ಆ ಕಡೆಯವರಿಗೆ ತಿಳಿಯಲು ಕೊನೆಗೊಂದು ಮಾತು ಹೇಳಬೇಕು. ಇಂಗ್ಲಿಷಿನವರು ಓವರ್ ಎನ್ನುತ್ತಾರಂತೆ. ಅತ್ತೆಯ ನಾಲಿಗೆಗೆ ಅದು ಹಿಡಿಸಲಿಲ್ಲ. ಮೊದಲನೆಯ ದಿನ ಮಗನೊಡನೆ ಮಾತಾಡಿ ಮುಗಿಸಿ, "ಊಂ, ಚೆಪ್ಪು," ಎಂದುಬಿಟ್ಟರು. ಇನ್ನು ನೀನು ಹೇಳು ಎಂದರ್ಥ. ಮಗನಿಗೆ ಅದು ಬಹಳ ಇಷ್ಟವಾಯಿತು. ಅಂದಿನಿಂದ ನಮ್ಮ ಸೆಟ್ಟುಗಳಲ್ಲಿ ಅದೇ ರೂಢಿ. ಅವರು ನನಗೆ ಚೆಪ್ಪು ಎನ್ನುತ್ತಿದ್ದರು, ನಾನು ಗಂಡನಿಗೆ ಮರ್ಯಾದೆಯಾಗಿ ಚೆಪ್ಪಂಡಿ ಎನ್ನುತ್ತಿದ್ದೆ.

ಇನ್ನೊಂದು ನಿಯಮವಿತ್ತು. ಮಾತು ಶುರುಮಾಡುವಾಗ ಯಾರನ್ನು ಕರೆಯುತ್ತೇವೋ ಅವರ ಹೆಸರು ಮೊದಲು, ನಮ್ಮದು ಆಮೇಲೆ. ಸರ್ಕಾರ ಕೊಟ್ಟ ಅಕ್ಷರ, ಅಂಕಿಯ ಗುರುತು ನಮ್ಮ ಎರಡು ಸೆಟ್ಟಿಗೂ ಒಂದೇ ಆಗಿದ್ದರಿಂದ ಅದರ ಜೊತೆ ಊರ ಹೆಸರನ್ನೂ ಹೇಳಲೇಬೇಕು. ಅವರಿಗೇನು ಕಷ್ಟ? "ಗೌನಿಪಲ್ಲಿ, ಗೌನಿಪಲ್ಲಿ, ಶ್ರೀನಿವಾಸಪುರದಿಂದ ಕರೀತಿದ್ದೀನಿ, ಚೆಪ್ಪು," ಎಂದು ನಿರಾಳವಾಗಿ ಹೇಳಿಬಿಡುತ್ತಿದ್ದರು. ನಾನು ಗುಂಡಿ ಒತ್ತಿ, ಉಸಿರು ಬಿಟ್ಟು, ಮುಂದಕ್ಕೆ ಹೋಗಲಾರದೆ ಗುಂಡಿ ಬಿಟ್ಟೆ. ಮತ್ತೆ ಒತ್ತಿದೆ, ಮತ್ತೆ ಬಿಟ್ಟೆ. ಅಲ್ಲಿ ಅವರು ಸೆಟ್ಟು ಕೆಟ್ಟಿತೆಂದು ಅದರ ಹಿಂಬದಿಯನ್ನೆಲ್ಲ ಬಿಚ್ಚಿಕೊಂಡು ಕೂತಿದ್ದರಂತೆ. ತಾಲ್ಲೂಕು ಊರು ಎಂದು ಕರೆಯೋಣವೆಂದರೆ ತಾಲ್ಲೂಕು ಊರುಗಳು ಎಷ್ಟೋ ಇವೆ. ಮಾವಿನ ಊರು ಎನ್ನೋಣವೆಂದರೆ ನಮ್ಮೂರೂ ಮಾವಿನ ಊರೇ. ಕೊನೆಗೆ ಅತ್ತೆಯೇ ದಾರಿ ತೋರಿಸಿದರು. "ಪಾಪನಪಲ್ಲಿ ಅನ್ನು. ನಮ್ಮ ಅಪ್ಪ, ತಾತ ಎಲ್ಲ ಹಂಗೇ ಅಂತಿದ್ದಿದ್ದು," ಎಂದರು. ಆ ಊರಿಗೆ ಈಗಿನ ಹೆಸರಿಡುವ ಮೊದಲು ಇದ್ದ ಹೆಸರು ಅದು. ಸಂತೆಗೆ ಹೋಗುವ ಮುದುಕರು ಆಗಲೂ ಪಾಪನಪಲ್ಲಿಗೆ ಹೋಗ್ತೀನಿ ಎಂದೇ ಹೊರಡುತ್ತಿದ್ದರು. ಯಜಮಾನರು ನಕ್ಕು ಒಪ್ಪಿಕೊಂಡರು. ನನ್ನ ಬಾಯಿಯ ಕಟ್ಟು ಬಿಚ್ಚಿತು.

ಸಂಜೆಯ ಹೊತ್ತಿಗೆ ನಮ್ಮ ಜಗಲಿ ತುಂಬುತ್ತಿತ್ತು. ಪಕ್ಕದ ಮನೆಯ ಮುನಿಯಪ್ಪನ ಮಗ ಇವರ ಶಾಲೆಯಲ್ಲೇ ಓದುತ್ತಿದ್ದ. ಒಂದು ದಿನ ಅವನನ್ನು ಕೋಣೆಗೆ ಕರೆಸಿ ಅಪ್ಪನೊಡನೆ ಮಾತಾಡಿಸಿದರು. ಮುನಿಯಪ್ಪ ಗುಂಡಿಯನ್ನು ಎತ್ತಿನ ಮೂಗುದಾರದ ಹಾಗೆ ಬಿಗಿಯಾಗಿ ಹಿಡಿದುಕೊಂಡ. "ಲೇ, ಉಂಡ್ಯೇನ್ಲಾ? ಏನ್ ಸಾರ್ಲಾ? ಮಾತಾಡ್ಲಾ. ಯಾಕ್ಲಾ ಸುಮ್ನಿದೀಯಾ? ಮೇಷ್ಟ್ರು ಹೊಡೆದ್ರೇನ್ಲಾ?" ಎಂದು ಒಂದೇ ಉಸಿರಿನಲ್ಲಿ ಕೇಳುತ್ತ ಹೋದ. ಗುಂಡಿ ಬಿಡದೆ ಹುಡುಗ ಹೇಗೆ ಮಾತಾಡಬೇಕು? ನಾನು ಅವನ ಬೆರಳನ್ನು ಬಿಡಿಸಿ, "ಈಗ ಅವನ ಸರದಿ ಕಣಣ್ಣ," ಎಂದೆ. ಮಗನ ದನಿ ಕೇಳಿದ ಮುನಿಯಪ್ಪ ಮಾತು ಮರೆತು, ಬರೀ ತಲೆಯಾಡಿಸುತ್ತ ಕೂತ. ತಲೆಯಾಡಿಸಿದ್ದು ಅಲ್ಲಿಗೆ ಕಾಣುವುದಿಲ್ಲ ಎಂದು ಅವನಿಗೆ ತಿಳಿಸಿಹೇಳಬೇಕಾಯಿತು.

ಸೆಟ್ಟಿನಿಂದ ನಾನು ಕಲಿತ ಇನ್ನೊಂದು ಸಂಗತಿ ಇದೆ. ಆಕಾಶದಲ್ಲಿ ಮೋಡ ಕಾಣುವ ಎಷ್ಟೋ ಮೊದಲೇ ಸೆಟ್ಟಿನೊಳಗೆ ಚಟಚಟ ಎನ್ನುತ್ತಿತ್ತು. ಎಲ್ಲೋ ದೂರದಲ್ಲಿ ಮಿಂಚು ಹೊಡೆಯುತ್ತಿದೆ ಎಂದರ್ಥ. ಹಾಗೆ ಕೇಳಿಸಿದರೆ ಮೊದಲು ಏರಿಯಲ್ ಬಿಚ್ಚಿ ನೆಲದ ತಂತಿಗೆ ಕಟ್ಟಬೇಕು, ಆಮೇಲೆ ತೋಪಿನವರಿಗೆ ಹೇಳಿಕಳಿಸಬೇಕು. ಹಣ್ಣಿನ ಕಾಲದಲ್ಲಿ ಒಂದು ಮಧ್ಯಾಹ್ನ ಬೆಂಕಿಯಂಥ ಬಿಸಿಲು. ನಾನು ಮಳೆ ಬರುತ್ತದೆ ಎಂದಾಗ ಎಲ್ಲರೂ ನಕ್ಕರು. ಮುನಿಯಪ್ಪ ಮಾತ್ರ ನಂಬಿ ಆಳುಗಳನ್ನು ಮರ ಹತ್ತಿಸಿದ, ಅವನನ್ನು ನೋಡಿ ಉಳಿದವರೂ ಹತ್ತಿಸಿದರು. ಹೊತ್ತು ಇಳಿಯುವಾಗ ಗಾಳಿ ಎದ್ದು ಆಲಿಕಲ್ಲು ಸುರಿಯಿತು. ಅಷ್ಟರಲ್ಲಿ ಹಣ್ಣು ಚಾವಣಿಯ ಕೆಳಗೆ ಸೇರಿತ್ತು. ಆಮೇಲೆ ನಮ್ಮನ್ನು ಹುಚ್ಚರು ಎನ್ನುವವರು ಕಡಿಮೆಯಾದರು.

ಗೌರಿ ಹಬ್ಬದ ಹೊತ್ತಿಗೆ ಯುದ್ಧದ ಸುದ್ದಿ ಬಂತು. ಹಿಂದೆಯೇ ಹುಕುಂ ಬಂತು. ಮಾತನಾಡುವ ಸೆಟ್ಟು ಯಾರ ಬಳಿ ಇದ್ದರೂ ತಂದು ಒಪ್ಪಿಸಬೇಕು, ಲೈಸೆನ್ಸೆಲ್ಲ ರದ್ದು. ಯಜಮಾನರು ಎರಡು ಸೆಟ್ಟನ್ನೂ ಗಾಡಿಯಲ್ಲಿಟ್ಟು ತಾಲ್ಲೂಕು ಕಚೇರಿಗೆ ಒಯ್ದರು. ಬಿಡಿ ಸಾಮಾನು ತುಂಬಿದ್ದ ಟ್ರಂಕನ್ನೂ ಒಯ್ದಿದ್ದರು. ಅಲ್ಲಿದ್ದವರು, "ಈ ಗುಜರಿ ಎಲ್ಲ ಬೇಡ ಮೇಷ್ಟ್ರೇ, ಸೆಟ್ಟು ಸಾಕು," ಎಂದು ಅದನ್ನು ವಾಪಸ್ಸು ಕಳಿಸಿದರು. ಮನೆಗೆ ಬಂದು ಇವರು ಏರಿಯಲ್ ಇಳಿಸಿದರು. ಆ ತಂತಿ ಸುತ್ತಿಡಲು ಬಹಳ ಹೊತ್ತು ತೆಗೆದುಕೊಂಡರು. ಇಷ್ಟಕ್ಕೆ ನನಗೆ ಸಿಟ್ಟಿಲ್ಲ. ಯುದ್ಧಕಾಲ, ಸರ್ಕಾರಕ್ಕೆ ಅದರದೇ ಭಯವಿರುತ್ತದೆ. ಕೊಡಿ ಎಂದರು, ಕೊಟ್ಟೆವು.

ನನ್ನ ಸಿಟ್ಟು ಮುಂದಿನದರ ಮೇಲೆ. ದೀಪಾವಳಿಯ ಮುಂಚೆ ಜಡಿಮಳೆ ಹಿಡಿದಿತ್ತು. ಪೊಲೀಸರು ಶಾಲೆಗೆ ಬಂದು, ಪಾಠ ಮಾಡುತ್ತಿದ್ದ ಮೇಷ್ಟ್ರನ್ನು ಮಕ್ಕಳ ಎದುರಿನಲ್ಲೇ ಕರೆದುಕೊಂಡು ಕೋಲಾರಕ್ಕೆ ಹೋದರು. ಹೆಡ್‌ಮಾಸ್ಟರು ಬಸ್ಸಿನ ಕಂಡಕ್ಟರನ ಕೈಯಲ್ಲಿ ನಮಗೆ ಹೇಳಿಕಳಿಸಿದರು. ಕಾರಣವೇನೆಂದರೆ, ನಾವು ಮೂರನೆಯ ಸೆಟ್ಟೊಂದನ್ನು ಬಚ್ಚಿಟ್ಟಿದ್ದೇವಂತೆ. ಅದು ಪಾಪನಪಲ್ಲಿ ಎಂಬ ಗುಪ್ತ ಜಾಗದಲ್ಲಿದೆಯಂತೆ. ಅತ್ತೆಗೆ ಕೇಳಿದ ತಕ್ಷಣ ನಗು ಬಂತು, ಆಮೇಲೆ ಕಣ್ಣೀರು ಬಂತು. ಯಜಮಾನರಿಗೆ ಚಿಕ್ಕಂದಿನಿಂದ ಉಬ್ಬಸ. ಮಳೆಗಾಲದಲ್ಲಿ ಒದ್ದೆ ನೆಲದ ಮೇಲೆ ಮಲಗಿದರೆ ಉಸಿರು ಕಟ್ಟಿಬಿಡುತ್ತಿತ್ತು. ಮಾರನೆಯ ದಿನದ ಬಸ್ಸಿಗೆ ನಾನು ಮತ್ತು ಅತ್ತೆ ಕೋಲಾರಕ್ಕೆ ಹೊರಟೆವು.

ಅಲ್ಲಿನ ಪೊಲೀಸ್ ಕಚೇರಿಯ ಅಧಿಕಾರಿ ಬೇರೆ ಸೀಮೆಯಿಂದ ಬಂದವರು, ಕನ್ನಡ ಚೆನ್ನಾಗಿ ಆಡುತ್ತಿದ್ದರು. ಕೂತುಕೊಳ್ಳಿ ಎನ್ನಲಿಲ್ಲ.

"ನಾವು ಹುಕುಂ ಬರೋಕೆ ಮುಂಚಿನಿಂದಲೂ ನಿಮ್ಮ ಸೆಟ್ಟಿನ ಮಾತು ಕೂತು ಕೇಳಿದ್ದೀವಮ್ಮ. ಮೂರು ಊರಿನ ಹೆಸರು ಬಂದಿದೆ. ಗೌನಿಪಲ್ಲಿ, ಶ್ರೀನಿವಾಸಪುರ, ಪಾಪನಪಲ್ಲಿ. ನೀವು ಒಪ್ಪಿಸಿರೋದು ಎರಡು ಸೆಟ್ಟು. ಮೂರನೇದೆಲ್ಲಿ?" ಎಂದರು.

"ಪಾಪನಪಲ್ಲಿ ಅಂದ್ರೂ ಅದೇ ಊರು ಸ್ವಾಮಿ," ಎಂದೆ.

"ಅದೇ ಊರು ಅಂದ್ರೆ ಯಾವ ಊರು?"

"ತಾಲ್ಲೂಕು ಊರು. ಅವರ ಶಾಲೆ ಇದ್ಯಲ್ಲ, ಆ ಊರು."

"ಅದಕ್ಕೆ ಹೆಸರಿಲ್ವಾ? ಹೆಸರು ಹೇಳಮ್ಮ."

ನಾನು ಸುಮ್ಮನಾದೆ. ಅವರು ಪಕ್ಕದಲ್ಲಿದ್ದ ಗುಮಾಸ್ತರ ಕಡೆ ತಿರುಗಿ, "ನೋಡಿದ್ರಾ, ಹೇಳೋಕಾಗ್ತಿಲ್ಲ. ಮೇಷ್ಟ್ರೂ ಹಳೇ ಹೆಸರು, ಹಳೇ ಹೆಸರು ಅಂತ ಕಥೆ ಹೇಳ್ತಾರೆ. ಇದ್ದ ಹೆಸರು ಬಿಟ್ಟು ಹಳೇ ಹೆಸರಲ್ಲಿ ಯಾಕೆ ಕರೀಬೇಕು ಅಂದ್ರೆ ಹೆಂಡತಿ ಬಾಯಿ ಬಿಡಲ್ಲ," ಎಂದರು.

ಆ ಕಚೇರಿಯಲ್ಲಿದ್ದವರೆಲ್ಲ ಸಂಸಾರಸ್ಥರು. ಅವರಲ್ಲಿ ಯಾರ ಹೆಂಡತಿಯೂ ಗಂಡನ ಹೆಸರು ಹಿಡಿದು ಕರೆಯುವವಳಲ್ಲ. ಯಾಕೆ ನಾನು ಸುಮ್ಮನಾದೆ ಎಂದು ಅವರಿಗೆ ಗೊತ್ತಿರಲಿಲ್ಲ ಎಂದರೆ ನಾನು ನಂಬುವುದಿಲ್ಲ. ತಮ್ಮ ಮನೆಯಲ್ಲಿ ಅದು ಮರ್ಯಾದೆ, ನಮ್ಮ ಮನೆಯಲ್ಲಿ ಅದು ಗುಟ್ಟು. ಇನ್ನು ಪಾಪನಪಲ್ಲಿ ಎಲ್ಲಿದೆ ಎಂದು ತಿಳಿಯಲು ಏನು ಮಹಾ ತನಿಖೆ ಬೇಕಾಗಿತ್ತು? ಆ ಊರಿನ ಸಂತೆಯಲ್ಲಿ ಬೇಯಿಸಿದ ಗೆಣಸು ಮಾರುವ ಯಾವ ಮುದುಕಿಯನ್ನು ಕೇಳಿದ್ದರೂ, ನಿಂತಿರೋ ನೆಲ ಅದೇ ಕಣಪ್ಪ, ಎಂದು ಹೇಳುತ್ತಿದ್ದಳು. ಕೇಳಲಿಲ್ಲ. ನಕ್ಷೆಯಲ್ಲಿ ಹುಡುಕಿದರು, ಸಿಗಲಿಲ್ಲ, ಹಾಗಾದರೆ ಗುಪ್ತ ಜಾಗ ಎಂದು ತೀರ್ಮಾನ ಮಾಡಿದರು. ಬೇರೆಯವರ ಮಾತನ್ನು ಕದ್ದು ಕೇಳಲು ಅಷ್ಟು ಶ್ರದ್ಧೆಯಿದ್ದವರಿಗೆ ಎದುರಿಗೆ ನಿಂತವರನ್ನು ಒಂದು ಮಾತು ಕೇಳುವ ಸೌಜನ್ಯವಿರಲಿಲ್ಲ.

ವರಾಂಡದ ಕೊನೆಯಲ್ಲಿ ಒಬ್ಬ ಪೊಲೀಸಿನವನ ಪಕ್ಕದಲ್ಲಿ ಯಜಮಾನರು ನಿಂತಿದ್ದರು. ಗಡ್ಡ ಬೆಳೆದಿತ್ತು. ಉಸಿರು ಎಳೆಯುವಾಗ ಭುಜ ಮೇಲೇಳುತ್ತಿದ್ದುದು ಅಷ್ಟು ದೂರದಿಂದಲೇ ಕಾಣುತ್ತಿತ್ತು. ನನ್ನನ್ನು ನೋಡಿ ಬೇಡ ಎನ್ನುವ ಹಾಗೆ ತಲೆಯಾಡಿಸಿದರು. ನಾನು ಅತ್ತೆಯ ಮುಖ ನೋಡಿದೆ. ಮಗನ ಆಯಸ್ಸಿನ ಮಾತು, ಅವರನ್ನು ಕೇಳದೆ ಹೇಗೆ ಬಾಯಿ ಬಿಡಲಿ? ಅತ್ತೆ ನನ್ನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡು, "ಚೆಪ್ಪು ಅಮ್ಮಾಯಿ," ಎಂದರು.

"ಶ್ರೀನಿವಾಸಪುರ," ಎಂದೆ. ಹೇಳಿದ ಮೇಲೆ ನಿಲ್ಲಿಸಲಾಗಲಿಲ್ಲ. "ನನ್ನ ಗಂಡನ ಹೆಸರು ಶ್ರೀನಿವಾಸಯ್ಯ. ಅದನ್ನ ಹೇಳ್ಬಾರ್ದು ಅಂತ ಊರಿನ ಹಳೇ ಹೆಸರು ಹಿಡಿದು ಕರೀತಿದ್ದೆ. ಮೂರನೇ ಊರೂ ಇಲ್ಲ, ಮೂರನೇ ಸೆಟ್ಟೂ ಇಲ್ಲ. ನಿಮ್ಮ ಮನೆಯೋರು ನಿಮ್ಮನ್ನ ಹೆಸರಿಟ್ಟು ಕರೀತಾರಾ ಸ್ವಾಮಿ?"

ಗುಮಾಸ್ತರು ತಲೆ ತಗ್ಗಿಸಿದರು. ಅಧಿಕಾರಿ ದನಿ ಇಳಿಸಿ, "ನಂಬ್ತೀನಮ್ಮ. ನೀವು ಸುಳ್ಳು ಹೇಳೋ ಜನ ಅಲ್ಲ. ಆದ್ರೆ ಮೂರನೇದಿದೆ ಅಂತ ಬೆಂಗಳೂರಿಗೆ ಬರೆದಾಗಿದೆ. ಈಗ ಇಲ್ಲ ಅಂತ ಬರೆದ್ರೆ ನಮಗೆ ಕೇಳೋಕೆ ಬರಲ್ಲ ಅಂತ ಆಗುತ್ತೆ. ಒಂದು ಸೆಟ್ಟು ತಂದು ಒಪ್ಪಿಸಿ, ಮೇಷ್ಟ್ರನ್ನ ಕರ್ಕೊಂಡು ಹೋಗಿ," ಎಂದರು.

"ಇಲ್ದೇ ಇರೋದನ್ನ ಎಲ್ಲಿಂದ ತರ್ಲಿ?"

"ಅದು ನಿಮಗೆ ಬಿಟ್ಟಿದ್ದು."

ನಾನು ಇದನ್ನು ಎಷ್ಟೋ ಜನರಿಗೆ ಹೇಳಿದ್ದೇನೆ, ಕೆಲವರು ನಂಬುವುದಿಲ್ಲ. ಹೇಗೆ ನಂಬುತ್ತಾರೆ? ನನ್ನ ಬಾಯಿಂದ ಆ ಹೆಸರು ಹೊರಡಿಸಿದರು, ನಿಜವೆಂದು ಒಪ್ಪಿಕೊಂಡರು, ಆಮೇಲೆ ಆ ನಿಜ ತಮಗೆ ಬೇಡವೆಂದರು. ತಾವು ತಪ್ಪಾಗಿ ಕೇಳಿಸಿಕೊಂಡದ್ದನ್ನು ಸರಿ ಮಾಡಲು ನಾವು ಕಳ್ಳರಾಗಬೇಕಾಗಿತ್ತು.

ಹೊರಡುವ ಮುಂಚೆ ಯಜಮಾನರೊಡನೆ ಒಂದೆರಡು ಮಾತಿಗೆ ಬಿಟ್ಟರು. "ಇಲ್ಲದ್ದನ್ನ ಒಪ್ಕೋಬೇಡ ಜಾನಕಿ. ನಿಜ ಹೇಳಿದ್ದೀವಿ, ಕಾಯೋಣ," ಎಂದರು. ಅಷ್ಟು ಹೇಳಲು ಮಧ್ಯೆ ನಿಂತು ನಿಂತು ಉಸಿರು ತೆಗೆದುಕೊಂಡರು. ಬಸ್ಸಿನಲ್ಲಿ ಅತ್ತೆ, "ಅವನು ಕಾಯ್ತಾನೆ. ಅವನ ಎದೆ ಕಾಯ್ತದಾ?" ಎಂದರು.

ಮನೆಗೆ ಬಂದವಳೇ ಗುಜರಿ ಎಂದು ವಾಪಸ್ಸು ಕಳಿಸಿದ್ದ ಟ್ರಂಕನ್ನು ಎಳೆದೆ. ಹಳೆಯ ಗಾಜಿನ ವಾಲ್ವುಗಳು, ತಂತಿಯ ಸುರುಳಿ, ಒಡೆದ ಹಿಡಿಗಳು, ಬೇಡವೆಂದು ತೆಗೆದಿಟ್ಟ ಒಂದು ಮೈಕು. ಬೆಳಗಾದ ಮೇಲೆ ಹಣ್ಣು ತುಂಬುವ ಪೆಟ್ಟಿಗೆಯೊಂದನ್ನು ಮುಂದಿಟ್ಟುಕೊಂಡು ಜಗಲಿಯಲ್ಲಿ ಕೂತೆ. ಅತ್ತೆ ಒಲೆಯಿಂದ ಕೆಂಡ ತಂದು ಕಬ್ಬಿಣ ಕಾಯಿಸಿಕೊಟ್ಟರು. ನಾನು ನಿಧಾನವಾಗಿ ಒಂದೊಂದೇ ತಂತಿ ಕೆರೆದು, ರಾಳ ಸವರಿ, ಬೆಸುಗೆ ಹಾಕುವುದನ್ನು ನೋಡಿ ಅವರಿಗೆ ಸಹನೆ ಕೆಟ್ಟಿತು.

"ಅವರಿಗೇನ್ ತಿಳೀತದೆ? ನಾಲ್ಕು ತಂತಿ ತುರುಕಿ ಮುಚ್ಚಳ ಹೊಡೆದು ಕೊಡು," ಎಂದರು.

"ಆಗಲ್ಲ ಅತ್ತೆ," ಎಂದೆ.

ಯಾಕೆ ಆಗುವುದಿಲ್ಲ ಎಂದು ಅವರಿಗೆ ಹೇಳಲು ನನಗೆ ಬರಲಿಲ್ಲ. ಯಜಮಾನರು ನನಗೆ ಕಲಿಸುವಾಗ ಬೆಸುಗೆ ಮಂಕಾಗಿದ್ದರೆ ಕಿತ್ತು ಮತ್ತೆ ಹಾಕಿಸುತ್ತಿದ್ದರು. ಹೊಳೆಯುವವರೆಗೂ ಬಿಡುತ್ತಿರಲಿಲ್ಲ. ನಾನೂ ಬಿಡಲಿಲ್ಲ. ಬಿದಿರಿಗೆ ತಂತಿ ಸುತ್ತಿದೆ, ಸುತ್ತು ಸಡಿಲವಾದಾಗ ಬಿಚ್ಚಿ ಮತ್ತೆ ಸುತ್ತಿದೆ. ಕಳ್ಳಸೆಟ್ಟು ಬೇಕೆಂದವರಿಗೆ ಸೆಟ್ಟನ್ನೇ ಕೊಡುತ್ತೇನೆ ಎಂಬ ಹಟ ಬಂದಿತ್ತು. ಹೊರಗೆ ಮಳೆ ಹನಿಯುತ್ತಲೇ ಇತ್ತು. ಜಗಲಿಯ ತುಂಬ ರಾಳದ ಹೊಗೆ. ಮುನಿಯಪ್ಪ ಬಂದು ನೋಡಿ, ಪೆಟ್ಟಿಗೆಗೆ ಮುಚ್ಚಳ ಮಾಡಿಕೊಟ್ಟು ಹೋದ.

ಅದನ್ನು ಕೋಲಾರಕ್ಕೆ ಒಯ್ದಾಗ ಅಧಿಕಾರಿ ಬಿಚ್ಚಿಯೂ ನೋಡಲಿಲ್ಲ. ಮೂಲೆಯಲ್ಲಿಡಿಸಿದರು. "ಇದನ್ನ ಮೊದಲೇ ಕೊಟ್ಟಿದ್ರೆ ಇಷ್ಟೆಲ್ಲ ಆಗ್ತಿರ್ಲಿಲ್ಲವಲ್ಲಮ್ಮ," ಎಂದು ಎಲ್ಲರಿಗೂ ಕೇಳುವಂತೆ ಬುದ್ಧಿ ಹೇಳಿದರು. ಸಿಟ್ಟಿನ ಮಾತು ಹೊರಬೀಳದ ಹಾಗೆ ನಾನು ಬಾಯಿಗೆ ಸೆರಗು ಒತ್ತಿಕೊಂಡೆ. ಅವರು ಅದನ್ನು ನಾಚಿಕೆ ಎಂದುಕೊಂಡಿರಬೇಕು.

ಯಜಮಾನರನ್ನು ಬಿಟ್ಟರು. ಬಸ್ಸಿನಲ್ಲಿ, "ಏನ್ ಕೊಟ್ಟೆ?" ಎಂದು ಕೇಳಿದರು. "ಪೆಟ್ಟಿಗೆ," ಎಂದೆ. ಮುಖ ತಿರುಗಿಸಿ ಕಿಟಕಿಯಾಚೆ ನೋಡತೊಡಗಿದರು. ಉಬ್ಬಸ ಇಳಿದು ಅವರು ಎದ್ದು ಓಡಾಡುವ ಹೊತ್ತಿಗೆ ಶಾಲೆಯ ಕೆಲಸ ಹೋಗಿತ್ತು. ಯುದ್ಧಕಾಲದಲ್ಲಿ ವೈರ್‌ಲೆಸ್ ಸೆಟ್ಟು ಬಚ್ಚಿಟ್ಟಿದ್ದು ರುಜುವಾತಾಗಿದೆ, ಇಂಥವರು ಮಕ್ಕಳಿಗೆ ಪಾಠ ಹೇಳಲು ತಕ್ಕವರಲ್ಲ, ಎಂದು ಕಾರಣ ಕೊಟ್ಟಿದ್ದರು. ರುಜುವಾತು ನಾನು ಹೊತ್ತುಕೊಂಡು ಹೋಗಿ ಕೊಟ್ಟ ಪೆಟ್ಟಿಗೆಯೇ. ಯಜಮಾನರು ನನ್ನನ್ನು ಒಂದು ಮಾತೂ ಬೈಯಲಿಲ್ಲ. ಆ ಪೆಟ್ಟಿಗೆಯ ಸುದ್ದಿಯನ್ನೂ ಎತ್ತಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ. ತೋಪು ನೋಡಿಕೊಂಡರು, ಸಂಜೆ ಜಗಲಿಯಲ್ಲಿ ಊರ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟರು. ನಾವಿಬ್ಬರೂ ಒಂದೇ ಮನೆಯಲ್ಲಿದ್ದು ಮಾತಾಡಿದ್ದು, ಅವರು ತಾಲ್ಲೂಕು ಊರಿನಲ್ಲಿದ್ದಾಗ ಸೆಟ್ಟಿನಲ್ಲಿ ಆಡಿದ್ದಕ್ಕಿಂತ ಕಡಿಮೆ.

ಯುದ್ಧ ಮುಗಿಯಿತು. ಮತ್ತೆ ಲೈಸೆನ್ಸು ಕೊಡುತ್ತಾರೆಂದು ಯಾರೋ ಹೇಳಿದರು. ಆಗ ಇವರ ಮುಖದಲ್ಲಿ ಹಳೆಯ ಕಳೆ ಕಂಡಿತು. ಅರ್ಜಿ ಹಾಕಿದರು. ತೆಂಗಿನ ಮರದ ತುದಿಯನ್ನು ಆಗಾಗ ತಲೆ ಎತ್ತಿ ನೋಡುತ್ತಿದ್ದರು. ಬಹಳ ದಿನದ ಮೇಲೆ ಜವಾಬು ಬಂತು. ಹಿಂದೆ ಸೆಟ್ಟು ಬಚ್ಚಿಟ್ಟಿದ್ದವರಿಗೆ ಲೈಸೆನ್ಸು ಕೊಡಲು ಬರುವುದಿಲ್ಲ. ಅಂಗಳದಲ್ಲಿ ನಿಂತೇ ಓದಿಕೊಂಡರು. ನಾನು ರಾಗಿ ಕೇರುತ್ತಿದ್ದೆ, ಅತ್ತೆ ಕಂಬಕ್ಕೆ ಒರಗಿ ಕೂತಿದ್ದರು.

"ಜಾನಕಿ, ನೀನು ಒಯ್ದು ಕೊಟ್ಯಲ್ಲ, ಆ ಸೆಟ್ಟು. ಅದು ಮಾತಾಡ್ತಿತ್ತಾ?" ಎಂದು ಕೇಳಿದರು. ಅಷ್ಟು ವರ್ಷದಲ್ಲಿ ಅದೇ ಮೊದಲ ಸಲ ಕೇಳಿದ್ದು.

"ಬ್ಯಾಟರಿ ಕೊಟ್ಟಿದ್ರೆ ಮಾತಾಡ್ತಿತ್ತು," ಎಂದೆ.

"ನಿಜವಾಗ್ಲೂ?"

"ನೀವು ಹೇಳ್ಕೊಟ್ಟ ಹಾಗೇ ಕಟ್ಟಿದ್ದೆ. ಮಂಕಾಗಿರೋ ಬೆಸುಗೆ ಒಂದೂ ಇರ್ಲಿಲ್ಲ."

ಅವರು ನಗತೊಡಗಿದರು. "ಹಾಗಾದ್ರೆ ಅವರು ಬರೆದಿರೋದು ಸುಳ್ಳಲ್ಲ ಬಿಡೇ. ನಮ್ಮ ಮನೇಲಿ ಮೂರು ಸೆಟ್ಟಿತ್ತು," ಎಂದು ಹೇಳಿ ಹೇಳಿ ನಕ್ಕರು, ಕೆಮ್ಮು ಬರುವವರೆಗೂ ನಕ್ಕರು. ಅತ್ತೆಗೂ ನಗು ಹತ್ತಿಕೊಂಡಿತು. ನಾನು ನಗಲಿಲ್ಲ. ಯಜಮಾನರು ತೀರಿಹೋಗಿ ಇಷ್ಟು ವರ್ಷವಾಯಿತು, ಇಂದಿಗೂ ನನಗೆ ನಗು ಬಂದಿಲ್ಲ.